ಹೆಂಚು ಮಗುಚಿ ನೋಡುವ ಚಾಳಿ

ಹಳೆಯ ಹೆಂಚು ಕಂಡರೆ ಮಗುಚಿ ನೋಡುವ ಚಾಳಿ ನನಗೆ. ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತನಾದವನಿಗೆ ಮಂಗಳೂರಿನಲ್ಲಿ ಬೇರೆ ಕೆಲಸವಾದರೂ ಏನು? ಹೆಂಚಿನ ಬೆನ್ನಿಗೆ ಕಾರ್ಖಾನೆಯ ಹೆಸರು ಒತ್ತಿರುತ್ತದೆ, ಕೆಲವಕ್ಕೆ ಇಸವಿಯೂ ಉಂಟು. ಅದನ್ನು ಓದಿ ಮನೆಯ ಪ್ರಾಯ ಹೇಳುವುದು, ಹೇಳಿದ್ದನ್ನು ಪತ್ರಿಕೆಯ ಅಂಕಣದಲ್ಲಿ ಬರೆಯುವುದು. ಕನ್ನಡದ ಮೊದಲ ಪತ್ರಿಕೆ ಅಚ್ಚಾದ ಊರಲ್ಲವೇ, ಹೆಸರು ಅಚ್ಚಾಗುವ ಆಸೆ ಇಲ್ಲಿನ ಗಾಳಿಯಲ್ಲೇ ಇದೆ. ನಮ್ಮದೇ ಮನೆಯ ಸೋರುವ ಹೆಂಚನ್ನು ಮಾತ್ರ ನಾನು ಮಗುಚಿದ್ದಿಲ್ಲ ಎಂಬುದು ಹೆಂಡತಿಯ ತಕರಾರು.

ಹೀಗಿರುವಾಗ ಕುಲಶೇಖರದ ಸುಧಾಕರ ಶೆಟ್ಟರ ಮನೆಗೆ ಹೋದೆ. ಹೋಟೆಲು ನಡೆಸುವ, ಮಾತಿಗೆ ಬರವಿಲ್ಲದ ಮನುಷ್ಯ. ಅವರು ಅಂಗಳದಲ್ಲಿ ನಿಂತು ಅಜ್ಜನ ಗತ್ತು ವರ್ಣಿಸಿದರು. ಅವರ ಹೆಂಡತಿ ವಸಂತಿಯಕ್ಕ ಏಣಿ ಹಿಡಿದರು. ನಾನು ಪಂಚೆ ಎತ್ತಿ ಕಟ್ಟಿ ಹತ್ತಿದೆ. ಹೆಂಚಿನ ಬೆನ್ನಿನ ಇಸವಿ ಓದಿ ಇಳಿಯುವಷ್ಟರಲ್ಲಿ ಮನೆಗೆ ನೂರು ವರ್ಷ ದಾಟಿತ್ತು. ಅಜ್ಜ ಶೆಟ್ಟರೇ ನದಿ ದಂಡೆಯ ಕಾರ್ಖಾನೆಯಿಂದ ಹೆಂಚು ತರಿಸಿದರೆಂದು ಅಂಕಣದಲ್ಲಿ ಬರೆದೆ. ಗಾಡಿಯ ಎತ್ತಿನ ಕೊರಳ ಗಂಟೆಯನ್ನೂ ಬಿಡಲಿಲ್ಲ. ಶೆಟ್ಟರು ಅಲ್ಲ ಎನ್ನಲಿಲ್ಲ. ಅಂಕಣಕ್ಕೆ ಫ್ರೇಮು ಹಾಕಿಸಿ ಚಾವಡಿಯಲ್ಲಿ ತೂಗಿಸಿದರು.

ಮರುವಾರ ವಸಂತಿಯಕ್ಕ ನಮ್ಮಲ್ಲಿಗೆ ಬಂದರು. ಕೊಟ್ಟ ಚಾ ಮುಟ್ಟಲಿಲ್ಲ. ಅವರ ತಾಯಿಮನೆ ರಸ್ತೆ ಅಗಲ ಮಾಡುವಾಗ ಹೋಯಿತಂತೆ. ಆಗ ಅವರ ತಾಯಿ ಆ ಹೆಂಚನ್ನೆಲ್ಲ ತಾವೇ ತಿಕ್ಕಿ ತೊಳೆದು, ಮಗಳು ಕುಲಶೇಖರದಲ್ಲಿ ಆಗ ಹೊಸದಾಗಿ ಕಟ್ಟಿಸುತ್ತಿದ್ದ ಇದೇ ಮನೆಗೆ ಲಾರಿ ಹತ್ತಿಸಿದ್ದರಂತೆ. ಕೆಡವಿದ ಮನೆಯ ಹೆಂಚನ್ನು ಇಲ್ಲಿ ಯಾರೂ ಬಿಸಾಡುವುದಿಲ್ಲ. ಊರಿಗೇ ಗೊತ್ತಿದ್ದ ಈ ಪದ್ಧತಿ ಮರೆತದ್ದು ಇತಿಹಾಸಕಾರನಿಗೆ ಮಾತ್ರ.

"ಅಷ್ಟು ಕೆಲಸ ಮಾಡಿದ್ದು ನನ್ನ ಅಮ್ಮ. ನೀವು ಅದನ್ನು ಇವರ ಅಜ್ಜನಿಗೆ ಕೊಟ್ಟಿದ್ದೀರಿ," ಎಂದರು. "ಬಂದವರೆಲ್ಲ ಓದಿ ಹೊಗಳ್ತಾರೆ, ನಾನು ಚಾ ಕೊಡ್ತಾ ನಿಲ್ತೇನೆ. ಏಣಿ ಹಿಡಿದವಳ ಹತ್ತಿರ ಒಂದು ಮಾತು ಕೇಳ್ಬಹುದಿತ್ತಲ್ಲ ಸರ್?"

ತಾಯಿಯಿಂದ ಮಗಳಿಗೆ ಮನೆತನ ಇಳಿಯುವ ನಮ್ಮ ಸೀಮೆಯ ಕಟ್ಟಳೆಯ ಬಗ್ಗೆ ವರ್ಷಗಟ್ಟಲೆ ಪಾಠ ಹೇಳಿದವನು ನಾನು. ನಾಚಿಕೆಯಾಯಿತು. ಆಗಷ್ಟೇ ತಾಯಿಯ ಹೆಸರು ಕೇಳಿದೆ. ಅಪ್ಪಿ ಶೆಡ್ತಿ.

ತಿದ್ದುಪಡಿ ಬರೆದುಕೊಂಡು ಪತ್ರಿಕೆಗೆ ಓಡಿದೆ. ಸಂಪಾದಕ ನನ್ನ ಹಳೆಯ ಶಿಷ್ಯ; ಪುಟ ತುಂಬಿದೆ, ಜಾಗ ಎಲ್ಲುಂಟು ಎಂದು ತಲೆ ಕೆರೆದುಕೊಂಡ. ತೆಗೆದು ಜಾಗ ಮಾಡಬಹುದಾದದ್ದು ಅಂಕಣದ ನೆತ್ತಿಯ ಮೇಲಿನ ನನ್ನ ಫೋಟೋ ಒಂದೇ, ತಲೆತುಂಬ ಕೂದಲಿದ್ದ ಕಾಲದ್ದು. ಅದರ ಮೇಲೆ ನನಗೆ ಆಸೆ ಹೆಚ್ಚು, ಸುಳ್ಳೇಕೆ ಹೇಳಲಿ.

"ಅದನ್ನು ತೆಗೆ ಮಾರಾಯ," ಎಂದೆ.

ಮರುದಿನ ನನ್ನ ಮುಖವಿರುತ್ತಿದ್ದಲ್ಲಿ ಅಪ್ಪಿ ಶೆಡ್ತಿಯವರ ಹೆಸರಿತ್ತು. ವಸಂತಿಯಕ್ಕ ಫೋನು ಮಾಡಿದರು. ಅಮ್ಮನ ಹೆಸರು ಚಂದ ಬಂದಿದೆ ಎಂದರು. ನನ್ನ ಫೋಟೋ ಎಲ್ಲಿ ಹೋಯಿತೆಂದು ಊರಲ್ಲಿ ಇದುವರೆಗೆ ಯಾರೂ ಕೇಳಿಲ್ಲ.