ಪಂಪಣ್ಣನವರಿಗೆ ಒಂದೇ ದಿನದ ಕಿರಣ

ಕೋವಿಡ್ ಹಾವಳಿ ಇಳಿದ ಮೇಲಿನ ಬೇಸಿಗೆ. ನಾನಾಗ ಹೊಸಪೇಟೆಯ ಖಾಸಗಿ ಆಸ್ಪತ್ರೆಯೊಂದರಲ್ಲಿ ರೇಡಿಯೋಥೆರಪಿ ಟೆಕ್ನಾಲಜಿಸ್ಟ್. ರೋಗಿಯನ್ನು ಗೆರೆ ತಪ್ಪದಂತೆ ಯಂತ್ರದ ಕೆಳಗೆ ಮಲಗಿಸಿ ಕಿರಣ ಹಾಯಿಸುವುದು ಕೆಲಸ. ನಮ್ಮ ಡಾಕ್ಟರ್ ಮೇಡಂ ಅವರ ಕೆಮ್ಮಿನಿಂದ ಹಿಡಿದು ಲಿಫ್ಟಿನ ನರಳಾಟದವರೆಗೆ ಎಲ್ಲವನ್ನೂ ಅನುಕರಿಸುವುದು ಉಪಕಸುಬು. ನನ್ನ ದನಿಯನ್ನು ನರ್ಸ್‌ಗಳು ಅನುಕರಿಸುತ್ತಿದ್ದರು: ಹೆದರಿದ ಮೇಕೆಯಂತಿದೆಯಂತೆ.

ಕಂಪ್ಲಿಯ ರೈಸ್ ಮಿಲ್ ಮಾಲೀಕ ಪಂಪಣ್ಣನವರು ಬಂದಾಗ ಪ್ರಾಸ್ಟೇಟ್ ಕ್ಯಾನ್ಸರ್ ಬೆನ್ನುಮೂಳೆಗೆ ಹರಡಿತ್ತು. ಬೆನ್ನು ಹಾಸಿಗೆಗೆ ತಾಗಿಸಲಾಗದೆ ಕುರ್ಚಿಯಲ್ಲೇ ತೂಕಡಿಸುತ್ತಿದ್ದರು. ಮೇಡಂ ಬರೆದದ್ದು ಪ್ಯಾಲಿಯೇಟಿವ್ ರೇಡಿಯೋಥೆರಪಿ, ಅಂದರೆ ರೋಗ ವಾಸಿಯಾಗದಿದ್ದರೂ ನೋವು ಇಳಿಯಲೆಂದು ಕೊಡುವ ಕಿರಣ. ಎಂಟು ಗ್ರೇ ಅಳತೆ, ಒಂದೇ ಸಲ.

ಮಗ ಶರಣಪ್ಪ ಬಾಗಿಲಲ್ಲೇ ನನ್ನನ್ನು ಹಿಡಿದು ಪಿಸುಗುಟ್ಟಿದ: "ಅಪ್ಪಗ ಕ್ಯಾನ್ಸರ್ ಅಂತ ಗೊತ್ತಿಲ್ರಿ. ನರದ ಬ್ಯಾನಿ, ದೊಡ್ಡ ಎಕ್ಸ್‌ರೇ ತೆಗಿತಾರ ಅಂದೀನಿ. ನೀವೂ ಹಂಗ ಹೇಳ್ರಿ."

ಚೀಲಕ್ಕೆ ಚುಚ್ಚಿ ನೋಡದೆ ಭತ್ತ ಕೊಳ್ಳದ ಮನುಷ್ಯ ಬೆಂಚಿನ ಮೇಲೆ ಸುಮ್ಮನೆ ಕೂತಿರುತ್ತಾರೆಯೇ? ಪಕ್ಕದಲ್ಲಿದ್ದ ಸಂಡೂರಿನ ರೋಗಿಯನ್ನು ಆಗಲೇ ವಿಚಾರಿಸಿಬಿಟ್ಟಿದ್ದರು.

"ಅವಗ ಐದು ವಾರ, ನನಗ ಒಂದ ದಿನ. ಎಕ್ಸ್‌ರೇ ತೆಗಸಾಕ ಯಾರರ ಐದು ವಾರ ಬರ್ತಾರೇನು ತಮ್ಮಾ?"

"ಒಬ್ಬೊಬ್ಬರ ಕೇಸು ಒಂದೊಂದು ಥರ, ಓಕೆ?" ಎಂದು ಮೇಡಂ ದನಿಯಲ್ಲಿ ಅಂದೆ. ಅವರು ನಗಲಿಲ್ಲ.

ಯಂತ್ರದ ಕೋಣೆಯಲ್ಲಿ ಅನುಮಾನ ಇನ್ನೂ ಬಲಿಯಿತು. ಎದೆಯ ಮೇಲಿನ ಇಷ್ಟಲಿಂಗದ ಬೆಳ್ಳಿ ಕರಡಿಗೆ ಕಿರಣದ ದಾರಿಗೆ ಅಡ್ಡ ಬರುತ್ತಿತ್ತು. ತೆಗೆಯಿರಿ ಎಂದೆ. ಹುಟ್ಟಿದಾಗಿನಿಂದ ಅದನ್ನು ಮೈಯಿಂದ ಅಗಲಿಸದವರು ಗಪ್ಪನೆ ಎದೆ ಮುಚ್ಚಿಕೊಂಡರು.

"ಇದನ್ನ ಬಿಚ್ಚಸೋ ಹೊತ್ತು ಬಂತೇನು? ಶರಣಾ, ನೀ ಹೊರಗ ನಡಿ. ಆ ಡಾಕ್ಟರಮ್ಮನ್ನ ಕರೀರಿ. ಅಲ್ಲೀತನಕ ನಾ ಮಲಗಂಗಿಲ್ಲ."

ಮೇಡಂ ಬಂದು ಸ್ಟೂಲ್ ಎಳೆದುಕೊಂಡು ಕೂತರು. ಬಾಗಿಲಲ್ಲಿ ಶರಣಪ್ಪ ಬೇಡ ಬೇಡವೆಂದು ಕೈಯಾಡಿಸುತ್ತಿದ್ದ.

"ಎಲ್ಲಾ ಹೇಳಲೇನ್ರಿ?"

"ಹೇಳ್ರಿ."

"ಕ್ಯಾನ್ಸರ್ ರೀ. ಎಲುಬಿಗೆ ಬಂದೈತಿ. ವಾಸಿ ಆಗಂಗಿಲ್ಲ. ನೋವು ಇಳಸಾಕ ಒಂದ ಸಲ ಸಾಕು. ಮೊದಲ ಒಂದೆರಡು ದಿನ ಜಾಸ್ತೀನೂ ಆಗಬಹುದು, ಆಮ್ಯಾಲೆ ನಿಧಾನಕ್ಕ ಕಡಿಮಿ ಆಗ್ತೈತಿ. ಎಲ್ಲಾರಿಗೂ ಕಡಿಮಿ ಆಗಂಗಿಲ್ಲ, ಅದನ್ನೂ ಹೇಳ್ತೀನಿ."

ಪಂಪಣ್ಣನವರು ಎದೆ ಮುಚ್ಚಿದ್ದ ಕೈ ಇಳಿಸಿದರು. "ಮನ್ಯಾಗ ಎಲ್ಲಾರೂ ಭಾಳ ಚೆಂದ ಮಾತಾಡ್ಸಾಕತ್ತಿದ್ರು. ಅವಾಗ ಡೌಟ್ ಬಂತು" ಎಂದರು. ಆಮೇಲೆ ನನ್ನತ್ತ ತಿರುಗಿ, "ಇದನ್ನ ಅಂಗೈಯಾಗ ಹಿಡ್ಕೊಂಡ್ರ ನಡೀತೈತೇನು?"

ನಡೆಯುತ್ತಿತ್ತು. ನೋವಿನ ಇಂಜೆಕ್ಷನ್ ಕೊಟ್ಟೆವು. ಪೂಜೆಗೆ ಹಿಡಿಯುವಂತೆ ಲಿಂಗವನ್ನು ಎಡ ಅಂಗೈಯಲ್ಲಿ ಹಿಡಿದು, ಕೈ ಪಕ್ಕಕ್ಕೆ ಚಾಚಿ, ಹಲ್ಲು ಕಚ್ಚಿ ಮಲಗಿದರು.

ಮರುದಿನ ಶರಣಪ್ಪನ ಫೋನು: "ಏನ್ ಸುಟ್ರಿ ನಮ್ಮಪ್ಪನ್ನ? ನೋವು ಡಬಲ್ ಆಗೈತಿ!"

ಹಿಂದಿನಿಂದ ಪಂಪಣ್ಣನವರ ಗದರಿಕೆ ಕೇಳಿಸಿತು: "ಲೇ, ಇಡು ಫೋನು. ಅವರು ಮೊದಲ ಹೇಳ್ಯಾರ. ಗುಳಿಗಿ ಕೊಡು."

ಕೆಲವು ವಾರಗಳ ನಂತರ ಶರಣಪ್ಪ ಒಬ್ಬನೇ ಮಾತ್ರೆಗೆ ಬಂದ. "ಅಪ್ಪ ಅಂಗಾತ ಮಲಗಾಕತ್ಯಾರ್ರಿ. ಆ ಗೊರಕಿಗೆ ಈಗ ಅವ್ವಗ ನಿದ್ದಿ ಇಲ್ಲ" ಎಂದು ನಕ್ಕ, ನಗುತ್ತಲೇ ಕಣ್ಣೊರೆಸಿಕೊಂಡ.

ಬಾಗಿಲಲ್ಲಿ ಪಿಸುಗುಟ್ಟುವವರನ್ನು ಈಗ ನೇರ ಮೇಡಂ ಬಳಿಗೆ ಕಳಿಸುತ್ತೇನೆ. ಬರಲಿರುವ ನೋವನ್ನು ಮೊದಲೇ ಹೇಳಿಬಿಟ್ಟರೆ, ಅದು ಬಂದ ದಿನ ರೋಗಿಯೇ ನಮ್ಮ ಪರವಾಗಿ ಮಾತಾಡುತ್ತಾರೆ.