ಪಿಲ್ವಿಗೆ ಬಿದ್ದ ಒದೆ

ಕುವೊಪಿಯೊ ಪೇಟೆಯ ದೊಡ್ಡ ಅಂಗಡಿಯಲ್ಲಿ ವಿಚಾರಣೆಯ ಮೇಜಿಗೆ ಹೆಲ್ಕಾ ಬಂದು ಕೂತದ್ದು ಮದುವೆಗೂ ಮುಂಚೆ. ಕೈಗವಸು ಕಳೆದುಕೊಂಡವರು, ಅಮ್ಮನ ಕೈ ತಪ್ಪಿಸಿಕೊಂಡ ಮಕ್ಕಳು, ಸಾಮಾನು ವಾಪಸ್ಸು ತಂದು ರೇಗುವವರು, ಎಲ್ಲರೂ ಅವಳ ಮುಂದೆಯೇ ನಿಲ್ಲುತ್ತಿದ್ದರು. ಬೈಗುಳ ನುಂಗಿಕೊಳ್ಳುವುದರಲ್ಲಿ ಅವಳದು ಎತ್ತಿದ ಕೈ.

ಹೋದ ಚಳಿಗಾಲ ಪಿಲ್ವಿ ಬಂತು. ಎದೆಮಟ್ಟದ ಬಿಳಿ ರೋಬೋಟ್, ದುಂಡು ಕಣ್ಣು, ಕಾಲಿನ ಜಾಗದಲ್ಲಿ ಚಕ್ರ. ಹೆಲ್ಕಾಳ ಮೇಜನ್ನು ಕಂಬದ ಹಿಂದಕ್ಕೆ ತಳ್ಳಿ ಅದನ್ನು ಬಾಗಿಲಿಗೆ ಎದುರಾಗಿ ನಿಲ್ಲಿಸಿದರು. ಮೊದಮೊದಲು ಜನ ದೂರ ನಿಂತು ನೋಡಿದರು, ಆಮೇಲೆ ಒಗ್ಗಿಹೋದರು. ಯಾರ ಮುಖವನ್ನೂ ನೋಡಿ ನಗದ ಮುದುಕರು ಕೂಡ ಅದಕ್ಕೆ "ಥ್ಯಾಂಕ್ಸ್ ಪುಟ್ಟಿ" ಅನ್ನತೊಡಗಿದರು. ಪಿಲ್ವಿಗೆ ಗೊತ್ತಾಗದೆ ಹೋದದ್ದನ್ನು ಕೇಳಲು ಕಂಬದ ಹಿಂದೆ ಬರುವಾಗ ಮಾತ್ರ ಅವರ ಮುಖ ಗಂಟಿಕ್ಕಿರುತ್ತಿತ್ತು.

ಒಂದು ಶನಿವಾರ ಮಧ್ಯಾಹ್ನ, ಕುಡಿದು ಬಂದಿದ್ದವನೊಬ್ಬ ತನ್ನ ಮಾತು ಅದಕ್ಕೆ ತಿಳಿಯಲಿಲ್ಲವೆಂದು ಪಿಲ್ವಿಯನ್ನು ಒದ್ದ. ಅದು ಮಗುಚಿ ಬಿದ್ದು, ಬಿದ್ದಲ್ಲಿಂದಲೇ "ನಿಮಗೇನು ಸಹಾಯ ಬೇಕು?" ಎಂದು ಕೇಳಿತು.

"ಏಯ್, ಮನುಷ್ಯನೇನೋ ನೀನು? ಪಾಪ, ಅದೇನು ಮಾಡಿತ್ತೋ ನಿಂಗೆ?" ಎಂದು ಹಸಿರು ಟೋಪಿಯ ಹೆಂಗಸೊಬ್ಬಳು ಕಿರುಚಿದಳು. ಇಬ್ಬರು ಗಂಡಸರು ಅವನನ್ನು ಹಿಡಿದುಕೊಂಡರು. ಅವಳು ತನ್ನ ಕೋಟು ಬಿಚ್ಚಿ ಪಿಲ್ವಿಯ ತಲೆಯಡಿ ಇಟ್ಟಳು.

ಹೆಲ್ಕಾ ಎದ್ದು ಬಂದಳು. ಹಸಿರು ಟೋಪಿಯವಳ ಮುಖ ಅವಳಿಗೆ ಗೊತ್ತಿತ್ತು.

"ನೀವು ಅವತ್ತೂ ಇದ್ರಿ."

"ಯಾವತ್ತು?"

"ಒಬ್ಬ ನನ್ನ ಮುಖಕ್ಕೆ ಬೂಟಿನ ಡಬ್ಬ ಎಸೆದನಲ್ಲ, ಅವತ್ತು. ಅವನ ಹಿಂದೇನೇ ನಿಂತಿದ್ರಿ. ನನ್ನ ತುಟಿ ಒಡೆದು ರಕ್ತ ಸುರೀತಿತ್ತು. ನೀವು ಏನು ಕೇಳಿದ್ರಿ ನೆನಪಿದೆಯಾ? ಟಾಯ್ಲೆಟ್ ಎಲ್ಲಿದೆ ಅಂತ!"

ಹೆಂಗಸು ತಡವರಿಸಿದಳು. "ನಿಮಗೆ... ಅದೆಲ್ಲ ಅಭ್ಯಾಸ ಇರತ್ತೆ ಅಂದ್ಕೊಂಡೆ."

"ಏಟು ತಿನ್ನೋ ಅಭ್ಯಾಸಾನಾ?"

ಹೆಲ್ಕಾಳ ದನಿ ಅಂಗಡಿಯ ತುಂಬ ಕೇಳಿಸಿತು. ಮ್ಯಾನೇಜರ್ ಯೊನ್ನೆ ಓಡಿಬಂದ. "ಮೆಲ್ಲಗೆ ಹೆಲ್ಕಾ, ಗಿರಾಕಿಗಳಿದ್ದಾರೆ. ಪೊಲೀಸರು ಬರ್ತಿದ್ದಾರೆ, ನೀನೇ ಸಾಕ್ಷಿ ಹೇಳ್ಬಿಡು."

"ನನಗೆ ಹೊಡೆದಾಗ ಯಾಕಪ್ಪ ಕರೀಲಿಲ್ಲ ಪೊಲೀಸರನ್ನ?"

"ಅದು ಸಣ್ಣ ವಿಷಯ. ಇದು ಬೆಲೆಬಾಳೋ ಸಾಮಾನು ಕಣೆ..."

ಆಡಿದ ಮೇಲೆ ಅವನ ಮುಖ ಕೆಂಪೇರಿತು.

ಪೊಲೀಸರು ಬಂದಾಗ ಹೆಲ್ಕಾ ಮೊದಲು ತನ್ನ ಮೇಲಾದ ಹಲ್ಲೆಯನ್ನು ಹೇಳಿದಳು, ಆಮೇಲೆ ಪಿಲ್ವಿಯದು. ಬೂಟಿನ ಡಬ್ಬ ಎಸೆದವನು ಇವತ್ತಿಗೂ ಸಿಕ್ಕಿಲ್ಲ. ಕಾರ್ಮಿಕ ಸಂಘ ಗಲಾಟೆ ಮಾಡಿದ್ದರಿಂದ ಅಂಗಡಿಯವರು ಮೇಜನ್ನು ಮತ್ತೆ ಮುಂದಕ್ಕೆ ತಂದರು. ಆದರೆ ಹೆಲ್ಕಾ ಅಲ್ಲಿ ಕೂರಲಿಲ್ಲ. ಈಗ ಮಾರುಕಟ್ಟೆಯಲ್ಲಿ ರೈ ಧಾನ್ಯದ ಬ್ರೆಡ್ ಮಾರುತ್ತಾಳೆ. ಯಾರಾದರೂ ದನಿ ಎತ್ತಿದರೆ ಬ್ರೆಡ್ಡನ್ನು ವಾಪಸ್ಸು ಕಿತ್ತುಕೊಂಡು "ಮುಂದಿನವರು ಬನ್ನಿ" ಅನ್ನುತ್ತಾಳೆ.

ರಿಪೇರಿಯಾಗಿ ಬಂದ ಪಿಲ್ವಿಗೆ ಯಾರೋ ಉಣ್ಣೆಯ ಮಫ್ಲರ್ ಹೆಣೆದು ಹಾಕಿದ್ದಾರಂತೆ. ಅದನ್ನು ಕೇಳಿ ಹೆಲ್ಕಾಳಿಗೆ ಮೈಯೆಲ್ಲ ಉರಿಯಿತು. ಅವಳ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯಲಿ ಎಂದು ಅವಳಿಗೂ ಅನಿಸಿಲ್ಲ.