ಅಪ್ಪನ ಬೈಕಿನ ಹಿಂದಿನ ಸೀಟು

ಕುದುರೆ ಗಾಡಿ ಓಟದ ಶರ್ಯತ್ತಿನಲ್ಲಿ ಯಾವ ಗಾಡಿಯ ಮೇಲೆ ಪಣ ಕಟ್ಟಬೇಕು ಅನ್ನುವುದನ್ನು ನಮ್ಮ ವೈನಿಗೆ ಕಲಿಸಿದವಳು ನಾನೇ. ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ದೊಡವಾಡದ ನಮ್ಮ ಓಣಿಯಲ್ಲಿ ಈಗ ಅದು ಯಾರಿಗೂ ನೆನಪಿಲ್ಲ.

ವೈನಿ ಅಂದರೆ ಅಣ್ಣನ ಹೆಂಡತಿ, ರಾಮದುರ್ಗದ ಕಡೆಯ ಸಾಲಹಳ್ಳಿಯವಳು. ನಮ್ಮಪ್ಪನಿಗೆ ಶರ್ಯತ್ತಿನ ಹುಚ್ಚು, ಅಣ್ಣನಿಗೆ ಧೂಳು ಆಗಿಬರುವುದಿಲ್ಲ. ಹೀಗಾಗಿ ಸಣ್ಣಾಕೆಯಿದ್ದಾಗಿನಿಂದ ಅಪ್ಪನ ಬೈಕಿನ ಹಿಂದಿನ ಸೀಟು ನನ್ನದು. ಗಾಡಿಗಳು ಸಾಲಾಗಿ ನಿಂತ ಮೇಲೆ ಅಪ್ಪ ಕುತ್ತಿಗೆ ತಿರುಗಿಸಿ, "ಏನಂತಿ ಯವ್ವಾ?" ಅನ್ನುತ್ತಿದ್ದ. ನಾನು ಕಾರಣ ಸಮೇತ ಹೇಳುತ್ತಿದ್ದೆ. ಬೈಲಹೊಂಗಲದ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯ ಬಹುಮಾನಗಳನ್ನು ತಂದೆನಲ್ಲ, ಅಲ್ಲಿನ ತೀರ್ಪುಗಾರರು ಕೂಡ ನನ್ನ ಮಾತನ್ನು ಅಷ್ಟು ಕಿವಿಗೊಟ್ಟು ಕೇಳಲಿಲ್ಲ.

ಮದುವೆಯಾಗಿ ತಿಂಗಳಾಗಿರಲಿಲ್ಲ, ವೈನಿ ರೊಟ್ಟಿ ಬಡಿಯುತ್ತ, "ಅಲ್ಲೇನ ನೋಡತೀರಿ? ನನಗೂ ಹೇಳಿಕೊಡ್ರಿ" ಅಂದಳು. ಹೇಳಿಕೊಟ್ಟೆ. ಮಾಲೀಕ ಜೋರಾಗಿ ಕೂಗಿದಷ್ಟೂ ಅವನನ್ನು ನಂಬಬೇಡ. ಬಣ್ಣ, ಹಣೆಗೆ ಕಟ್ಟಿದ ಗೊಂಡೆ ನೋಡಿ ಮರುಳಾಗಬೇಡ. ಫೋನಿನಲ್ಲಿ ಹಿಂದಿನ ಓಟಗಳ ವಿಡಿಯೊ ಇರುತ್ತವೆ, ಮರಳಿ ಬರುವಾಗ ದಣಿಯುವ ಕುದುರೆಯನ್ನು ಬಿಟ್ಟುಬಿಡು. ಸೋತರೂ ನಗುತ್ತ ಮನೆಗೆ ಬರುವಷ್ಟೇ ಪಣ ಕಟ್ಟು. ನಮ್ಮಪ್ಪನ ಪಣವಂತೂ ಯಾವತ್ತೂ ಮಿರ್ಚಿ ಭಜಿ: ಸೋತವರು ಎಲ್ಲರಿಗೂ ತಿನ್ನಿಸಬೇಕು.

"ಮತ್ತ ಎತ್ತು?" ಅಂದಳು. ನಮ್ಮ ಕಡೆ ಒಂದು ಬಗೆಯ ಪಂದ್ಯದಲ್ಲಿ ಗಾಡಿಗೆ ಒಂದು ಕುದುರೆ, ಒಂದು ಎತ್ತು ಕಟ್ಟುತ್ತಾರೆ.

"ಎತ್ತು ಸುಮ್ನ ಜೋಡಿಗೆ ಇರತೈತಿ. ಓಡೂದು ಕುದರಿ."

"ಹೌದೇನ್ರಿ" ಅಂದು ರೊಟ್ಟಿ ತಿರುವಿ ಹಾಕಿದಳು. ವಾದ ಗೆದ್ದೆ ಅಂದುಕೊಂಡೆ.

ಸುಗ್ಗಿ ಮುಗಿದ ಮೇಲೆ ಸವದತ್ತಿ ಕಡೆಯ ಒಂದು ಊರಲ್ಲಿ ಅಂಥದೇ ಶರ್ಯತ್ತು. ಮುಂಜಾನೆ ನಾನು ತಲೆಗೆ ಓಡಣಿ ಕಟ್ಟಿಕೊಂಡು ಹೊರಗೆ ಬರುವಷ್ಟರಲ್ಲಿ ವೈನಿ ಬೈಕಿನ ಹಿಂದೆ ಕುಳಿತಿದ್ದಳು. "ಆಕಿ ಹೊಸಾಕಿ, ದಾರಿ ತಿಳಿಯಂಗಿಲ್ಲ. ನೀ ಬಸ್ಸಿಗೆ ಬಾ ಯವ್ವಾ" ಅಂದ ಅಪ್ಪ. ತರ್ಕ ಸರಿಯಾಗಿಯೇ ಇತ್ತು. ಅದೇ ನನಗೆ ಹೆಚ್ಚು ಉರಿದದ್ದು. ಬಸ್ಸಿನಲ್ಲಿ ನಿಂತುಕೊಂಡೇ ಹೋದೆ.

ಕಿತ್ತೂರು ಕಡೆಯ ಬಿಳಿ ಕುದುರೆಯೊಂದು ಬಂದಿತ್ತು. ಹಿಂದಿನ ಮೂರೂ ಓಟ ಗೆದ್ದದ್ದು. ಅಪ್ಪ ಕೇಳಿದ ಕೂಡಲೇ ನಾಲ್ಕು ಕಾರಣ ಕೊಟ್ಟೆ. ಅಪ್ಪ ತಲೆಯಾಡಿಸಿದ. ಆಮೇಲೆ ಕುತ್ತಿಗೆ ಇನ್ನೊಂದು ಕಡೆ ತಿರುಗಿತು.

"ನೀ ಏನಂತಿ ತಂಗಿ?"

ವೈನಿ ಸೆರಗು ಸರಿಮಾಡಿಕೊಂಡಳು. "ನನಗೇನ ತಿಳಿತೈತ್ರಿ ಮಾವಾರ. ಬಿಳಿ ಕುದರಿ ಚಲೋನ ಐತಿ. ಆದ್ರ ಎತ್ತು ಅದರ ಕಡೆ ಮಾರಿ ಮಾಡವಲ್ದು. ಹೊಸಾ ಜೋಡಿ ಇದ್ದಂಗ ಐತಿ. ಆ ಕಂದು ಕುದರಿ ಎತ್ತು ನೋಡ್ರಿ, ಹೆಗಲಿಗೆ ಹೆಗಲ ಹಚ್ಚಿ ನಿಂತೈತಿ."

"ಇದು ಕಾರಣ ಅಲ್ಲ, ಅನಿಸಿಕಿ" ಅಂದೆ. "ಮೂರು ಓಟದ ಪುರಾವೆ ಒಂದು ಕಡೆ, ಎತ್ತಿನ ಮಾರಿ ಒಂದು ಕಡೆ!"

ಅಪ್ಪ ಕಂದು ಕುದುರೆ ಹಿಡಿದ. ಅವನ ಗೆಳೆಯರಾದ ನಿವೃತ್ತ ಮಾಸ್ತರರು ಬಿಳಿಯದನ್ನು ಹಿಡಿದರು. ನಾನು ಅಪ್ಪನನ್ನು ಬಿಟ್ಟು ಮಾಸ್ತರರ ಪಕ್ಕ ಹೋಗಿ ನಿಂತೆ. ನಿಜ ಹೇಳುತ್ತೇನೆ, ಆ ಹೊತ್ತಿಗೆ ನನಗೆ ಬಿಳಿ ಕುದುರೆ ಗೆಲ್ಲುವುದು ಬೇಕಿರಲಿಲ್ಲ, ವೈನಿ ಸೋಲುವುದು ಬೇಕಿತ್ತು.

ಬಿಳಿ ಕುದುರೆ ಬಾಣದಂತೆ ಹೋಯಿತು. ಎರೆ ಹೊಲದ ತುದಿಯಲ್ಲಿ ಬಾವುಟ ಸುತ್ತಿ ಮರಳಬೇಕು. ಕುದುರೆ ತಿರುಗಿತು, ಎತ್ತು ತಿರುಗಲಿಲ್ಲ. ಗಾಡಿ ಜೋಳದ ಕೂಳೆಯೊಳಗೆ ಹೋಗಿ ನಿಂತೇಬಿಟ್ಟಿತು. ಅಷ್ಟರಲ್ಲಿ ಕಂದು ಕುದುರೆ ಮತ್ತದರ ಎತ್ತು ಒಂದೇ ಪ್ರಾಣಿಯ ಹಾಗೆ ಮರಳಿ ಬಂದವು.

ಮಾಸ್ತರರು ನನ್ನ ಕಡೆ ನೋಡಿದರು. "ಏನವಾ ವಕೀಲಬಾಯಿ, ನನ್ನ ಪಾರ್ಟಿಗೆ ಬಂದು ನನ್ನ ಮುಳುಗಿಸಿದೆಲ್ಲ! ನಡಿ, ಮಿರ್ಚಿ ಕೊಡಸೂನು."

ಮಿರ್ಚಿ ಖಾರವಿತ್ತು. ಕಣ್ಣೀರು ಬಂದದ್ದಕ್ಕೆ ಯಾರೂ ಕಾರಣ ಕೇಳಲಿಲ್ಲ.

ಹೊರಡುವಾಗ ಅಪ್ಪ ಬೈಕಿನ ಸೀಟು ಒರೆಸಿ, "ಬಾ ಯವ್ವಾ, ಈಗ ನೀ ಕುಂದ್ರು" ಅಂದ. ಕೊಟ್ಟದ್ದನ್ನು ತೆಗೆದುಕೊಳ್ಳಲು ನಾನೇನು ಸಮಾಧಾನಕರ ಬಹುಮಾನದವಳೇ?

"ಗೆದ್ದಾಕಿ ಕುಂದರಲಿ" ಅಂದೆ.

"ನೀವು ಬಸ್ಸಿಗಂದ್ರ ನಾನೂ ಬಸ್ಸಿಗೆ" ಅಂದಳು ವೈನಿ.

"ಇಬ್ರೂ ಹಂಗಾರ ನಡಕೊಂಡ ಬರ್ರಿ!" ಅಂತ ನಕ್ಕು ಅಪ್ಪ ಒಬ್ಬನೇ ಹೋದ.

ಬಸ್ಸಿನಲ್ಲಿ ಕಿಟಕಿಯ ಸೀಟು ಅವಳು ನನಗೇ ಬಿಟ್ಟಳು. ಅದಕ್ಕೂ ಸಿಟ್ಟು ಬಂತು. ಸ್ವಲ್ಪ ಹೊತ್ತಾದ ಮೇಲೆ, ಬೇರೆ ಯಾರ ಬಗೆಗೋ ಕೇಳುವವಳಂತೆ ಕೇಳಿದೆ, "ಎತ್ತಿನೊಳಗ ಇನ್ನೇನೇನ ನೋಡತೀರಿ?"

ತವರಲ್ಲಿ ದಿನಾ ಎತ್ತು ಹೂಡಿದವಳು, ಒಂದನ್ನೂ ಮುಚ್ಚಿಡದೆ ಹೇಳಿದಳು. ಕಿವಿ ಹೇಗಿರಬೇಕು, ನೊಗ ಇಟ್ಟಾಗ ಯಾವ ಕಾಲು ಮೊದಲು ಎತ್ತಬೇಕು, ಜೊತೆಯ ಪ್ರಾಣಿ ಬೆದರಿದರೆ ಇದು ಏನು ಮಾಡಬೇಕು. ನಾನು ಪ್ರತಿವಾದ ಮಾಡದೆ ಎಲ್ಲವನ್ನೂ ಬಾಯಿಪಾಠ ಮಾಡಿಕೊಂಡೆ. ಮುಂದಿನ ಶರ್ಯತ್ತಿನಲ್ಲಿ ಅಪ್ಪ ಕುತ್ತಿಗೆ ತಿರುಗಿಸಿದಾಗ, ಅವಳು ಬಾಯಿ ತೆಗೆಯುವ ಮೊದಲೇ ನಾನು ಹೇಳಿಬಿಡಬೇಕಲ್ಲ.